ಕೇಳದೆ ಉಳಿದ ಪ್ರಶ್ನೆ



ನಮ್ಮ ಆರೋಗ್ಯ ಸಂವಾದ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಸರು, ಊರು ಇಲ್ಲದವೂ ಆಗಾಗ ಇರುತ್ತವೆ. ಸಾಮಾನ್ಯವಾಗಿ ಅಂಥವನ್ನು ಪ್ರಸಾರಕ್ಕೆ ಎತ್ತಿಕೊಳ್ಳುವುದಿಲ್ಲ. ಆದರೆ ಕೆಲವು ತಿಂಗಳ ಹಿಂದೆ ಬಂದ ಒಂದು ಪತ್ರವನ್ನು ಪಕ್ಕಕ್ಕಿಡಲು ನನಗೆ ಮನಸ್ಸಾಗಲಿಲ್ಲ. ಬರೆದವರು ಎರಡು ಮಕ್ಕಳ ತಾಯಿ. ಮಕ್ಕಳಿಗೆ ಹಾಲೂಡಿಸಿದ ಮೇಲೆ ಇಳಿಬಿದ್ದಿದ್ದ ಸ್ತನಗಳನ್ನು ಶಸ್ತ್ರಚಿಕಿತ್ಸೆಯಿಂದ ಎತ್ತಿ ಕಟ್ಟಿಸಿಕೊಂಡು, ಒಳಗೆ ಸಿಲಿಕೋನ್ ಚೀಲಗಳನ್ನೂ ಇಡಿಸಿಕೊಂಡಿದ್ದರು. ಎರಡು ವರ್ಷ ತುಂಬುವುದರೊಳಗೆ ಒಂದು ಬದಿ ಗಟ್ಟಿಯಾಗಿ ಮೇಲಕ್ಕೆ ಸರಿಯಿತು. ಇನ್ನೊಂದು ಮತ್ತೆ ಇಳಿಯಿತು. ಗಾಯದ ಗುರುತುಗಳು ಅಗಲವಾದವು. ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲೇ, ಬೇಡವೇ ಎಂಬುದು ಅವರ ಪ್ರಶ್ನೆ. ಅದರ ಕೆಳಗೆ ಇನ್ನೊಂದು ಮಾತೂ ಇತ್ತು. ಇದನ್ನು ಯಾರ ಮುಂದೆಯೂ ಹೇಳಿಕೊಳ್ಳುವ ಹಾಗಿಲ್ಲ. ಬೇಕೆಂದೇ ಮಾಡಿಸಿಕೊಂಡದ್ದಲ್ಲವೇ, ಅನುಭವಿಸು ಎನ್ನುತ್ತಾರೆ ಎಂದು.

ನಾನು ವೈದ್ಯೆಯಲ್ಲ. ವಿಜ್ಞಾನ ಓದಿ ಕಿರುತೆರೆಯ ಕೆಲಸಕ್ಕೆ ಬಂದವಳು. ‘ಮಾಡಿಸಿಕೊಳ್ಳಿ’ ಅಥವಾ ‘ಬೇಡ’ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಆ ಪತ್ರದ ನೆಪದಿಂದ ಈ ಚಿಕಿತ್ಸೆಯ ಚರಿತ್ರೆಯನ್ನು ಓದುತ್ತ ಹೋದಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ಈ ಮಹಿಳೆಗೆ ಆದದ್ದು ಅಪರೂಪದ ದುರದೃಷ್ಟವಲ್ಲ. ಎರಡನೆಯ ಶಸ್ತ್ರಚಿಕಿತ್ಸೆಯ ಸಾಧ್ಯತೆ ಮೊದಲನೆಯದರಲ್ಲಿಯೇ ಅಡಗಿರುತ್ತದೆ. ಬಲ್ಲವರಿಗೆ ಇದು ಬಹುಕಾಲದಿಂದ ಗೊತ್ತಿತ್ತು. ಮೇಜಿನ ಮೇಲೆ ಮಲಗುವವರಿಗೆ ಅದನ್ನು ತಿಳಿಸುವುದು ಮಾತ್ರ ತಡವಾಯಿತು. ಹೇಗೆ ತಡವಾಯಿತು ಎಂಬುದೇ ಈ ಲೇಖನದ ವಿಷಯ.

ತನ್ನದು ಮತ್ತು ಪರರದು

ಪ್ಲಾಸ್ಟಿಕ್ ಸರ್ಜರಿ ಎಂದೊಡನೆ ನಮ್ಮಲ್ಲಿ ಹಲವರಿಗೆ ಬಕೆಟ್ಟು, ಬಿಂದಿಗೆ ನೆನಪಾಗುತ್ತವೆ. ಈ ಮಾತಿನಲ್ಲಿರುವ ಪ್ಲಾಸ್ಟಿಕ್ ಅದಲ್ಲ. ತಿದ್ದಿ ರೂಪ ಕೊಡುವುದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರಿದು. ಈ ವಿದ್ಯೆಯ ಆಧುನಿಕ ಚರಿತ್ರೆಗೆ ನಮ್ಮ ನಾಡಿನ ನಂಟೂ ಉಂಟು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆಮೇಲೆ ಪುಣೆಯ ಬಳಿ ಒಬ್ಬ ಪರಂಪರಾಗತ ವೈದ್ಯ ಅವನ ಹಣೆಯ ಚರ್ಮವನ್ನೇ ಕೆಳಗಿಳಿಸಿ ಹೊಸ ಮೂಗನ್ನು ಕಟ್ಟಿದ. ಇದರ ಸಚಿತ್ರ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಇಪ್ಪತ್ತು ವರ್ಷಗಳ ನಂತರ, 1814ರಲ್ಲಿ, ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಇದೇ ವಿಧಾನವನ್ನು ಲಂಡನ್ನಿನಲ್ಲಿ ಮಾಡಿ ತೋರಿಸಿದ.

ನಮ್ಮ ವಿಷಯಕ್ಕೆ ಇದರಲ್ಲಿ ಗಮನಿಸಬೇಕಾದ ಅಂಶ ಒಂದೇ. ಆ ಚರ್ಮ ಕಾವಸಜಿಯದೇ ಆಗಿತ್ತು. ಅದರಲ್ಲಿ ರಕ್ತ ಹರಿಯುತ್ತಿತ್ತು. ಆದ್ದರಿಂದ ದೇಹ ಅದನ್ನು ತನ್ನದೆಂದು ಒಪ್ಪಿಕೊಂಡಿತು.

ಸ್ತನದ ವಿಷಯದಲ್ಲಿಯೂ ಮೊದಲ ಪ್ರಯತ್ನ ಹೀಗೆಯೇ ಆಯಿತು. 1895ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನ ವಿನ್ಸೆಂಟ್ಸ್ ಚೆರ್ನಿ ಎಂಬ ವೈದ್ಯರು ಒಬ್ಬ ಗಾಯಕಿಯ ಸ್ತನದಿಂದ ಗಂಟೊಂದನ್ನು ತೆಗೆಯಬೇಕಾಯಿತು. ತೆಗೆದರೆ ಒಂದು ಬದಿ ತಗ್ಗಾಗುತ್ತದೆ. ಅದೇ ಮಹಿಳೆಯ ಸೊಂಟದ ಹಿಂಭಾಗದಲ್ಲಿ ನಿರಪಾಯಕರವಾದ ಕೊಬ್ಬಿನ ಗಡ್ಡೆಯೊಂದಿತ್ತು. ಚೆರ್ನಿ ಅದನ್ನು ತೆಗೆದು ಸ್ತನದ ತಗ್ಗಿನಲ್ಲಿ ಇಟ್ಟರು.

ಎಲ್ಲರ ಮೈಯಲ್ಲಿಯೂ ಹೀಗೆ ಬೇಕಾದ ಗಡ್ಡೆ ಇರುವುದಿಲ್ಲವಷ್ಟೆ. ಆದ್ದರಿಂದ ವೈದ್ಯರ ದೃಷ್ಟಿ ಹೊರಗಿನ ವಸ್ತುಗಳ ಕಡೆಗೆ ಹೊರಳಿತು. ವಿಯೆನ್ನಾದ ರಾಬರ್ಟ್ ಗರ್ಸುನಿ 1899ರ ಸುಮಾರಿಗೆ ಪ್ಯಾರಾಫಿನ್ ಮೇಣವನ್ನು ಕರಗಿಸಿ ಸೂಜಿಯಿಂದ ಚುಚ್ಚುವ ವಿಧಾನವನ್ನು ಆರಂಭಿಸಿದರು. ಮೊದಮೊದಲು ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು. ಕೆಲವು ವರ್ಷಗಳಲ್ಲಿ ಮೇಣ ಜಾರಿ ಅಲ್ಲಲ್ಲಿ ಗಂಟುಕಟ್ಟಿತು, ಚರ್ಮ ಹುಣ್ಣಾಯಿತು. ಕೆಲವರು ಸ್ತನವನ್ನೇ ಕಳೆದುಕೊಂಡರು. 1950ರ ದಶಕದಲ್ಲಿ ಐವಲಾನ್ ಎಂಬ ಕೃತಕ ಸ್ಪಂಜನ್ನು ಒಳಗಿಟ್ಟು ನೋಡಿದರು. ದೇಹದ ಅಂಗಾಂಶ ಸ್ಪಂಜಿನ ರಂಧ್ರಗಳೊಳಗೆ ಬೆಳೆದು ಅದು ಕುಗ್ಗಿ ಗಟ್ಟಿಯಾಯಿತು. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ, ಆಮೇಲೆ ಅಮೆರಿಕದ ಲಾಸ್ ವೇಗಾಸಿನಲ್ಲಿ, ದ್ರವರೂಪದ ಸಿಲಿಕೋನನ್ನು ನೇರವಾಗಿ ಚುಚ್ಚುವ ಹುಚ್ಚು ಹರಡಿತು. ಮೇಣದ ಕಥೆಯೇ ಮರುಕಳಿಸಿತು. 1970ರ ದಶಕದ ನಡುವಿನಲ್ಲಿ ನೆವಾಡ ರಾಜ್ಯ ಇದನ್ನು ಅಪರಾಧವೆಂದು ಸಾರಬೇಕಾಯಿತು.

ಈ ಮೂರರಲ್ಲಿಯೂ ಒಂದು ಸಾಮ್ಯವಿದೆ. ಮೊದಲ ಫಲಿತಾಂಶವನ್ನು ನೋಡಿ ವೈದ್ಯಲೋಕ ಮೆಚ್ಚಿತು. ಐದು, ಹತ್ತು ವರ್ಷಗಳ ಫಲಿತಾಂಶವನ್ನು ನೋಡುವವರು ಯಾರೂ ಇರಲಿಲ್ಲ, ಆ ಹೆಂಗಸರನ್ನು ಬಿಟ್ಟು.

ಹ್ಯೂಸ್ಟನ್, 1962

ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಥಾಮಸ್ ಕ್ರೋನಿನ್, ಫ್ರಾಂಕ್ ಗೆರೋ ಎಂಬ ಇಬ್ಬರು ಪ್ಲಾಸ್ಟಿಕ್ ಸರ್ಜನ್ನರಿದ್ದರು. ಗಾಜಿನ ಸೀಸೆಗಳ ಬದಲು ಪ್ಲಾಸ್ಟಿಕ್ ಚೀಲಗಳಲ್ಲಿ ರಕ್ತವನ್ನು ತುಂಬಿಡುವ ಪದ್ಧತಿ ಆಗ ಬರುತ್ತಿತ್ತು. ಅಂಥ ಚೀಲವೊಂದನ್ನು ಕೈಯಲ್ಲಿ ಹಿಡಿದಾಗ ಗೆರೋ ಅವರಿಗೆ ಅದು ಸ್ತನದಷ್ಟೇ ಮೆತ್ತಗಿದೆ ಎನಿಸಿತಂತೆ. ಸಿಲಿಕೋನ್ ರಬ್ಬರಿನ ಚೀಲದೊಳಗೆ ಸಿಲಿಕೋನ್ ಜೆಲ್ ತುಂಬಿ ಮುಚ್ಚಿದರೆ, ಜೆಲ್ ಜಾರಿಹೋಗುವ ಭಯವಿಲ್ಲವಲ್ಲ ಎಂಬ ಯೋಚನೆ ಹುಟ್ಟಿತು. ಡೋ ಕಾರ್ನಿಂಗ್ ಕಂಪನಿ ಚೀಲಗಳನ್ನು ತಯಾರಿಸಿಕೊಟ್ಟಿತು. ಮೊದಲು ಎಸ್ಮೆರಾಲ್ಡಾ ಎಂಬ ನಾಯಿಯ ಮೈಯಲ್ಲಿ ಇಟ್ಟು ನೋಡಿದರು. ಕೆಲವು ವಾರಗಳಲ್ಲಿ ಅದು ಹೊಲಿಗೆಯನ್ನು ಕಚ್ಚಿ ಕಿತ್ತುಕೊಂಡದ್ದರಿಂದ ಚೀಲವನ್ನು ತೆಗೆಯಬೇಕಾಯಿತು. ಆದರೂ ಪ್ರಯೋಗ ಯಶಸ್ವಿ ಎಂದುಕೊಂಡರು.

1962ರ ವಸಂತದಲ್ಲಿ ಟಿಮ್ಮಿ ಜೀನ್ ಲಿಂಡ್ಸೆ ಎಂಬ ಆರು ಮಕ್ಕಳ ತಾಯಿ ಜೆಫರ್ಸನ್ ಡೇವಿಸ್ ಆಸ್ಪತ್ರೆಗೆ ಬಂದರು. ಎದೆಯ ಮೇಲಿನ ಹಚ್ಚೆಯನ್ನು ಅಳಿಸಿಕೊಳ್ಳುವುದಷ್ಟೇ ಅವರ ಉದ್ದೇಶ. ಹೊಸ ಚೀಲಗಳನ್ನು ಇಡಿಸಿಕೊಳ್ಳುವಿರಾ ಎಂದು ವೈದ್ಯರೇ ಕೇಳಿದರು. ಆಕೆಗೆ ತಮ್ಮ ಸ್ತನಗಳ ಬಗ್ಗೆ ಅಂಥ ಚಿಂತೆಯೇನೂ ಇರಲಿಲ್ಲ. ಚಿಂತೆ ಇದ್ದದ್ದು ಚಾಚಿಕೊಂಡ ಕಿವಿಗಳದು. ಕಿವಿಯನ್ನೂ ಸರಿಪಡಿಸಿಕೊಡುವುದಾದರೆ ಆಗಲಿ ಎಂದು ಒಪ್ಪಿದರು. ಜೆಲ್ ತುಂಬಿದ ಸಿಲಿಕೋನ್ ಚೀಲಗಳನ್ನು ಧರಿಸಿದ ಮೊದಲ ಮಹಿಳೆ ಆಕೆಯೇ. ಮರುವರ್ಷ ವಾಷಿಂಗ್ಟನ್ನಿನಲ್ಲಿ ನಡೆದ ಪ್ಲಾಸ್ಟಿಕ್ ಸರ್ಜನ್ನರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಕ್ರೋನಿನ್ ಮತ್ತು ಗೆರೋ ತಮ್ಮ ಕೆಲಸವನ್ನು ಮಂಡಿಸಿದರು. ಅಲ್ಲಿಂದ ಮುಂದೆ ಇದು ಜಗತ್ತಿನಾದ್ಯಂತ ಹರಡಿತು.

ಐವತ್ತು ವರ್ಷಗಳಾದ ಮೇಲೆ, 2012ರಲ್ಲಿ, ಪತ್ರಕರ್ತರು ಎಂಬತ್ತರ ಆ ಅಜ್ಜಿಯನ್ನು ಹುಡುಕಿಕೊಂಡು ಹೋದರು. ಇವು ಎಂದೆಂದಿಗೂ ಹೀಗೆಯೇ ಇರುತ್ತವೆ ಎಂದು ತಾನು ನಂಬಿದ್ದಾಗಿಯೂ, ವರ್ಷಗಳು ಕಳೆದಂತೆ ಎಲ್ಲರವುಗಳಂತೆಯೇ ಇಳಿದುವೆಂದೂ ಆಕೆ ಹೇಳಿದರು. ಈ ಮಾತನ್ನು ನೆನಪಿಡಿ. ಮೊದಲ ರೋಗಿಗೇ ಇದನ್ನು ಯಾರೂ ಹೇಳಿರಲಿಲ್ಲ.

ದೇಹ ಮಾಡುವುದೇನು?

ಈಗ ಸ್ವಲ್ಪ ವಿಜ್ಞಾನವನ್ನು ನೋಡೋಣ. ಕಾಲಿಗೆ ಮುಳ್ಳು ಚುಚ್ಚಿ ಒಳಗೇ ಉಳಿದರೆ ಏನಾಗುತ್ತದೆ? ದೇಹ ಅದನ್ನು ಹೊರಹಾಕಲು ನೋಡುತ್ತದೆ. ಆಗದಿದ್ದರೆ ಸುತ್ತ ಗೋಡೆ ಕಟ್ಟುತ್ತದೆ. ಸಿಲಿಕೋನ್ ಚೀಲಕ್ಕೂ ಇದೇ ಉಪಚಾರ. ಕೆಲವೇ ವಾರಗಳಲ್ಲಿ ಕೊಲಾಜನ್ ಎಂಬ ನಾರುಗಳ ಪೊರೆ ಅದನ್ನು ಸುತ್ತುವರಿಯುತ್ತದೆ. ಇದು ರೋಗವಲ್ಲ, ಎಲ್ಲರಲ್ಲಿಯೂ ಆಗುವಂಥದು. ಪೊರೆ ತೆಳುವಾಗಿ, ಮೃದುವಾಗಿ ಇದ್ದುಬಿಟ್ಟರೆ ತೊಂದರೆಯಿಲ್ಲ. ಕೆಲವರಲ್ಲಿ ಮಾತ್ರ ಈ ಪೊರೆ ದಪ್ಪವಾಗಿ, ಮುಷ್ಟಿ ಬಿಗಿದಂತೆ ಬಿಗಿಯುತ್ತದೆ. ಒಳಗಿನ ಚೀಲ ಚೆಂಡಿನಂತೆ ಗುಂಡಗಾಗಿ, ಗಟ್ಟಿಯಾಗಿ, ಮೇಲಕ್ಕೆ ಸರಿಯುತ್ತದೆ, ನೋವೂ ಬರಬಹುದು. ಚೀಲದ ಮೇಲೆ ನೆಲೆಸುವ ಸೂಕ್ಷ್ಮಜೀವಿಗಳ ತೆಳುಪದರ, ಶಸ್ತ್ರಚಿಕಿತ್ಸೆಯ ನಂತರ ಒಳಗೆ ನಿಂತ ರಕ್ತ ಮೊದಲಾದವನ್ನು ಇದಕ್ಕೆ ಕಾರಣಗಳೆಂದು ಶಂಕಿಸುತ್ತಾರೆ. 1970ರ ದಶಕದಲ್ಲಿ ಇದಕ್ಕೊಂದು ಸುಲಭೋಪಾಯ ರೂಢಿಯಲ್ಲಿತ್ತು. ವೈದ್ಯರು ಎರಡೂ ಕೈಗಳಿಂದ ಸ್ತನವನ್ನು ಬಲವಾಗಿ ಹಿಂಡಿ ಪೊರೆಯನ್ನು ಒಡೆಯುತ್ತಿದ್ದರು. ಪೊರೆಯ ಜೊತೆಗೆ ಚೀಲವೂ ಒಡೆಯುತ್ತದೆಂದು ತಿಳಿದ ಮೇಲೆ ಅದನ್ನು ಕೈಬಿಡಲಾಯಿತು.

ಇದು ಚೀಲದ ಮಾತು. ಎತ್ತಿ ಕಟ್ಟುವ ಶಸ್ತ್ರಚಿಕಿತ್ಸೆಯ ಮಾತು ಬೇರೆ. ಸ್ತನದೊಳಗೆ ಮೂಳೆಯಿಲ್ಲ, ಸ್ನಾಯುವಿಲ್ಲ. ಲಂಡನ್ನಿನ ಆಸ್ಟ್ಲಿ ಕೂಪರ್ 1840ರಲ್ಲಿ ವಿವರಿಸಿದ ನಾರಿನ ಎಳೆಗಳು ಮತ್ತು ಹೊರಗಿನ ಚರ್ಮ, ಇವೇ ಅದರ ಆಧಾರ. ಬಸಿರು, ಹಾಲೂಡಿಸುವಿಕೆ, ತೂಕದ ಏರಿಳಿತ, ವಯಸ್ಸು, ಇವುಗಳಿಂದ ಎರಡೂ ಸಡಿಲವಾಗುತ್ತವೆ. ಶಸ್ತ್ರವೈದ್ಯರು ಹೆಚ್ಚಿನ ಚರ್ಮವನ್ನು ಕತ್ತರಿಸಿ ತೆಗೆದು, ಮೊಲೆತೊಟ್ಟನ್ನು ಮೇಲಕ್ಕೆ ಕೂರಿಸಿ ಹೊಲಿಯುತ್ತಾರೆ. 19ನೆಯ ಶತಮಾನದ ಕೊನೆಯಲ್ಲಿಯೇ ಫ್ರಾನ್ಸಿನಲ್ಲಿ ಇದು ಆರಂಭವಾಗಿತ್ತು. ಆದರೆ ಹೊಲಿದ ಚರ್ಮ ಅದೇ ಹಳೆಯ ಸಡಿಲ ಚರ್ಮವೇ ಅಲ್ಲವೇ? ಭೂಮಿಯ ಆಕರ್ಷಣೆಗೆ ರಜೆಯೆಂಬುದಿಲ್ಲ.

1960ರ ದಶಕದಲ್ಲಿ ಈ ಎರಡನ್ನೂ ಒಂದೇ ಸಲಕ್ಕೆ ಮಾಡುವ ಪದ್ಧತಿ ಬಂತು. ಕೇಳಲು ಸೊಗಸು: ಒಂದೇ ಅರಿವಳಿಕೆ, ಒಂದೇ ಖರ್ಚು, ಒಂದೇ ಸಲದ ನೋವು. ಆದರೆ ಇವೆರಡೂ ಪರಸ್ಪರ ವಿರುದ್ಧವಾದ ಕೆಲಸಗಳು. ಒಂದು ಚರ್ಮವನ್ನು ಕಡಿಮೆ ಮಾಡಿ ಬಿಗಿಯುತ್ತದೆ. ಇನ್ನೊಂದು ಒಳಗೆ ಭಾರ ತುಂಬಿ ಅದೇ ಚರ್ಮವನ್ನು ಹಿಗ್ಗಿಸುತ್ತದೆ. ರವಿಕೆಯ ಬಟ್ಟೆಯನ್ನು ಹಿಡಿಸಿ ಹೊಲಿದು, ಅದರೊಳಗೇ ಇನ್ನಷ್ಟು ತುಂಬಿದರೆ ಹೊಲಿಗೆ ಏನಾಗುತ್ತದೆಂದು ಯಾವ ದರ್ಜಿಯನ್ನು ಕೇಳಿದರೂ ಹೇಳುತ್ತಾನೆ. ಹೊಲಿಗೆ ಎಳೆದುಕೊಂಡು ಗಾಯದ ಗುರುತು ಅಗಲವಾಗುತ್ತದೆ. ಚರ್ಮವನ್ನೂ ತೊಟ್ಟನ್ನೂ ಪೋಷಿಸುವ ರಕ್ತನಾಳಗಳ ಮೇಲೆ ಎರಡು ಕಡೆಯಿಂದಲೂ ಒತ್ತಡ ಬೀಳುತ್ತದೆ. ಅಮೆರಿಕದ ಹೆಸರಾಂತ ಪ್ಲಾಸ್ಟಿಕ್ ಸರ್ಜನ್ ಸ್ಕಾಟ್ ಸ್ಪಿಯರ್ 2003ರಲ್ಲಿ ತಮ್ಮ ವೃತ್ತಿಬಾಂಧವರನ್ನೇ ಉದ್ದೇಶಿಸಿ ಬರೆದ ಲೇಖನದ ಶೀರ್ಷಿಕೆಯಲ್ಲಿಯೇ, ಈ ಜೋಡಿ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಸರ್ಜನ್ನರು ಎಚ್ಚರವಾಗಿರಬೇಕೆಂದು ಹೇಳಿದರು. ಹಾಗೆಂದು ಇದನ್ನು ಮಾಡಲೇಬಾರದೆಂದಲ್ಲ. ಇಂದಿಗೂ ಮಾಡುತ್ತಾರೆ, ಅನೇಕರಿಗೆ ಚೆನ್ನಾಗಿಯೂ ಆಗುತ್ತದೆ. ಆದರೆ ಪತ್ರ ಬರೆದ ಸೋದರಿಗೆ ಆದದ್ದಕ್ಕೆ ಕಾರಣ ಅವರ ಹಣೆಬರಹವಲ್ಲ, ಅವರು ಏನೋ ಅಪಥ್ಯ ಮಾಡಿದರೆಂದೂ ಅಲ್ಲ. ಒಂದು ಬದಿಯಲ್ಲಿ ಪೊರೆ ಬಿಗಿದಿರಬಹುದು, ಇನ್ನೊಂದು ಬದಿಯಲ್ಲಿ ಚರ್ಮ ಸೋತಿರಬಹುದು. ಎರಡೂ ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿಗಳೇ.

ಗಟ್ಟಿ ದನಿಯ ಪ್ರಶ್ನೆ

ಹಾಗಾದರೆ ಇದು ಜನರಿಗೇಕೆ ತಿಳಿಯಲಿಲ್ಲ? ಇಲ್ಲಿ ನನ್ನ ವೃತ್ತಿಯ ಪಾತ್ರವೂ ಬರುತ್ತದೆ.

1962ರಲ್ಲಿ ಅಮೆರಿಕದಲ್ಲಿ ಔಷಧಗಳ ಪರೀಕ್ಷೆಗೆ ಕಾನೂನಿತ್ತು. ದೇಹದೊಳಗೆ ಇಡುವ ಇಂಥ ಸಾಧನಗಳಿಗೆ ಇರಲಿಲ್ಲ. 1976ರಲ್ಲಿ ಕಾನೂನು ಬಂದಾಗ ಈಗಾಗಲೇ ಮಾರಾಟದಲ್ಲಿದ್ದ ಚೀಲಗಳು ಮೊದಲಿನಂತೆಯೇ ಮುಂದುವರಿದವು. 1984ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ನ್ಯಾಯಾಲಯವೊಂದರಲ್ಲಿ ಡೋ ಕಾರ್ನಿಂಗ್ ವಿರುದ್ಧ ತೀರ್ಪಾಯಿತು. ಆದರೆ ಆ ಮೊಕದ್ದಮೆಯಲ್ಲಿ ಹೊರಬಂದ ಕಂಪನಿಯ ಒಳಕಾಗದಗಳು ಮೊಹರಾಗಿ ಉಳಿದವು. 1990ರ ಡಿಸೆಂಬರಿನಲ್ಲಿ ಸಿ.ಬಿ.ಎಸ್. ವಾಹಿನಿಯ ಕಾನಿ ಚಂಗ್ ತಮ್ಮ ಕಾರ್ಯಕ್ರಮದಲ್ಲಿ, ಸಿಲಿಕೋನ್ ಚೀಲಗಳಿಂದ ತಮಗೆ ಕಾಯಿಲೆ ಬಂತೆಂದು ಹೇಳುವ ಮಹಿಳೆಯರನ್ನು ಪರದೆಯ ಮೇಲೆ ತಂದರು. ದೇಶವೇ ಬೆಚ್ಚಿತು. ಮರುವರ್ಷ ಇನ್ನೊಂದು ಮೊಕದ್ದಮೆಯಲ್ಲಿ 73 ಲಕ್ಷ ಡಾಲರ್ ಪರಿಹಾರದ ತೀರ್ಪು ಬಂತು. 1992ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮುಖ್ಯಸ್ಥ ಡೇವಿಡ್ ಕೆಸ್ಲರ್ ಈ ಚೀಲಗಳ ಬಳಕೆಯನ್ನು ತಡೆಹಿಡಿಯುವಂತೆ ಕೋರಿದರು. ಏಪ್ರಿಲಿನಲ್ಲಿ, ಕ್ಯಾನ್ಸರ್ ಮೊದಲಾದ ಕಾರಣದಿಂದ ಸ್ತನ ಕಳೆದುಕೊಂಡವರಿಗೆ ಮತ್ತು ಹಳೆಯ ಚೀಲವನ್ನು ಬದಲಿಸಲೇಬೇಕಾದವರಿಗೆ ಮಾತ್ರ, ಅಧ್ಯಯನದ ಚೌಕಟ್ಟಿನೊಳಗೆ ಬಳಸಬಹುದು ಎಂದಾಯಿತು. ಮೊಕದ್ದಮೆಗಳ ಭಾರ ತಾಳಲಾರದೆ 1995ರಲ್ಲಿ ಡೋ ಕಾರ್ನಿಂಗ್ ದಿವಾಳಿ ಅರ್ಜಿ ಸಲ್ಲಿಸಿತು.

ಆ ವರ್ಷಗಳಲ್ಲಿ ಕಿರುತೆರೆ, ಪತ್ರಿಕೆ, ನ್ಯಾಯಾಲಯ ಎಲ್ಲವೂ ಒಂದೇ ಪ್ರಶ್ನೆಯನ್ನು ಗಟ್ಟಿ ದನಿಯಲ್ಲಿ ಕೇಳುತ್ತಿದ್ದವು. ಸಿಲಿಕೋನಿನಿಂದ ಇಡೀ ದೇಹಕ್ಕೆ ವ್ಯಾಪಿಸುವ ಸಂಧಿವಾತ, ಲೂಪಸ್‌ನಂಥ ಕಾಯಿಲೆ ಬರುತ್ತದೆಯೇ? ಕೇಳಲೇಬೇಕಾದ ಪ್ರಶ್ನೆ, ಸಂದೇಹವಿಲ್ಲ. ಆದರೆ ಅದರ ಬದಿಯಲ್ಲಿ ಇನ್ನೊಂದು ಸಾಧಾರಣ ಪ್ರಶ್ನೆಯಿತ್ತು: ಈ ಚೀಲ ಎಷ್ಟು ವರ್ಷ ಬಾಳುತ್ತದೆ, ಎಷ್ಟು ಜನ ಮತ್ತೆ ಶಸ್ತ್ರಚಿಕಿತ್ಸೆಗೆ ಬರಬೇಕಾಗುತ್ತದೆ? ಇದರಲ್ಲಿ ಸುದ್ದಿಯಾಗುವ ಗುಣ ಕಡಿಮೆ. ಗಟ್ಟಿಯಾದ ಒಂದು ಸ್ತನ, ಓರೆಯಾದ ಒಂದು ತೊಟ್ಟು, ಇವು ಪರದೆಯ ಮೇಲೆ ತೋರಿಸುವ ವಿಷಯಗಳಲ್ಲ. ಹೇಳಿಕೊಳ್ಳಲು ಹೆಂಗಸರೂ ನಾಚುತ್ತಾರೆ. ಹೀಗೆ ದೊಡ್ಡ ಪ್ರಶ್ನೆಯ ನೆರಳಿನಲ್ಲಿ ಸಣ್ಣ ಪ್ರಶ್ನೆ ಕೇಳದೆ ಉಳಿಯಿತು.

ವಿಜ್ಞಾನಿಗಳು ಮಾತ್ರ ಎರಡನ್ನೂ ಕೇಳಿದರು. ಮೇಯೊ ಕ್ಲಿನಿಕ್ಕಿನ ತಂಡ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೀಲಗಳಿಗೂ ಅಂಥ ಕಾಯಿಲೆಗಳಿಗೂ ಸಂಬಂಧ ಕಾಣಲಿಲ್ಲ. ಅದೇ ತಂಡ 1997ರಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟಿತು. ಚೀಲ ಇಡಿಸಿಕೊಂಡಿದ್ದ 749 ಮಹಿಳೆಯರಲ್ಲಿ 178 ಮಂದಿಗೆ, ಅಂದರೆ ಸುಮಾರು ಕಾಲು ಭಾಗದಷ್ಟು ಜನಕ್ಕೆ, ತೊಡಕುಗಳ ಕಾರಣದಿಂದ ಮತ್ತೆ ಶಸ್ತ್ರಚಿಕಿತ್ಸೆ ಆಗಿತ್ತು. ಮುಖ್ಯ ತೊಡಕು ಪೊರೆಯ ಬಿಗಿತ. ಅಂದಕ್ಕಾಗಿ ಮಾಡಿಸಿಕೊಂಡವರಲ್ಲಿ ಐದು ವರ್ಷಗಳೊಳಗೆ ನೂರಕ್ಕೆ 12, ಕ್ಯಾನ್ಸರಿನ ನಂತರ ಮಾಡಿಸಿಕೊಂಡವರಲ್ಲಿ ನೂರಕ್ಕೆ 34 ಮಂದಿ ಈ ಗುಂಪಿಗೆ ಸೇರಿದವರು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಲ್ಲ ಅಧ್ಯಯನಗಳನ್ನೂ ಪರಿಶೀಲಿಸಿ ಇದೇ ಮಾತನ್ನು ಹೇಳಿತು: ದೇಹವ್ಯಾಪಿ ಕಾಯಿಲೆಗಳಿಗೆ ಸಾಕಷ್ಟು ಪುರಾವೆಯಿಲ್ಲ, ನಿಜವಾದ ತೊಂದರೆ ಇರುವುದು ಚೀಲದ ಸುತ್ತಮುತ್ತಲೇ. ಒಡೆಯುವುದು, ಬಿಗಿಯುವುದು, ಸೋಂಕು, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ. ಭಯಂಕರ ಸುದ್ದಿಗೆ ಸಿಕ್ಕ ಜಾಗ ಈ ಉತ್ತರಕ್ಕೆ ಸಿಗಲಿಲ್ಲ.

ಅಂಕಿಗಳು ಹೇಳುವ ಮಾತು

2006ರ ನವೆಂಬರಿನಲ್ಲಿ ಅಮೆರಿಕ ಸಿಲಿಕೋನ್ ಜೆಲ್ ಚೀಲಗಳಿಗೆ ಮತ್ತೆ ಅನುಮತಿ ಕೊಟ್ಟಿತು. ಆದರೆ ಈ ಬಾರಿ ಕಂಪನಿಗಳು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ ಲೆಕ್ಕ ಒಪ್ಪಿಸಬೇಕೆಂಬ ಷರತ್ತಿತ್ತು. 2011ರಲ್ಲಿ ಅದೇ ಇಲಾಖೆ, ಇವು ಜೀವನಪರ್ಯಂತ ಬಾಳುವ ಸಾಧನಗಳಲ್ಲವೆಂದು ಸ್ಪಷ್ಟವಾಗಿ ಸಾರಿತು. ಅಂದಕ್ಕಾಗಿ ಇಡಿಸಿಕೊಂಡ ಐವರಲ್ಲಿ ಒಬ್ಬರಿಗೆ ಹತ್ತು ವರ್ಷಗಳೊಳಗೆ ಅವನ್ನು ತೆಗೆಸಬೇಕಾಗಿ ಬರಬಹುದು ಎಂದಿತು. 2014ರಲ್ಲಿ ಪ್ರಕಟವಾದ ಒಂದು ಕಂಪನಿಯ ಹತ್ತು ವರ್ಷಗಳ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. ಅಂದಕ್ಕಾಗಿ ಮೊದಲ ಸಲ ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 36 ಮಂದಿಗೆ ಮರುಶಸ್ತ್ರಚಿಕಿತ್ಸೆಯಾಗಿತ್ತು. ಈಗಾಗಲೇ ಇದ್ದ ಚೀಲವನ್ನು ಬದಲಿಸಿಕೊಂಡವರಲ್ಲಿ ಈ ಸಂಖ್ಯೆ ನೂರಕ್ಕೆ ಸುಮಾರು 46. ಪೊರೆ ಬಿಗಿಯುವುದು ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 19, ಎರಡನೆಯದರಲ್ಲಿ ಸುಮಾರು 29.

ಈ ಎರಡನೆಯ ಗುಂಪಿನ ಅಂಕಿಗಳ ಮುಂದೆ ಸ್ವಲ್ಪ ನಿಲ್ಲಿ. ಮೊದಲನೆಯದು ಕೆಟ್ಟಿತು, ಎರಡನೆಯದು ಎಲ್ಲವನ್ನೂ ಸರಿಮಾಡುತ್ತದೆ ಎಂಬುದು ಮನಸ್ಸಿನ ಸಹಜ ಆಸೆ. ಲೆಕ್ಕ ಅದಕ್ಕೆ ವಿರುದ್ಧವಾಗಿದೆ. ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಒಮ್ಮೆ ಬಿಗಿಯುವ ಪೊರೆ ಕಟ್ಟಿದ ದೇಹ ಮತ್ತೊಮ್ಮೆ ಕಟ್ಟಬಲ್ಲದು. ಮೊದಲ ಸಲವೇ ಕೆಲವು ರಕ್ತನಾಳಗಳು ಕಡಿದುಹೋಗಿರುತ್ತವೆ. ಚರ್ಮ, ಕೊಬ್ಬು ತೆಳುವಾಗಿರುತ್ತವೆ. ಎರಡನೆಯ ಶಸ್ತ್ರವೈದ್ಯರಿಗೆ ಸಿಗುವುದು ಹೊಸ ಬಟ್ಟೆಯಲ್ಲ, ಒಮ್ಮೆ ಕತ್ತರಿಸಿ ಹೊಲಿದ ಬಟ್ಟೆ.

ಇದರ ಜೊತೆಗೆ ಎರಡು ಪ್ರಕರಣಗಳನ್ನು ಹೇಳಬೇಕು. ಫ್ರಾನ್ಸಿನ ಪಿ.ಐ.ಪಿ. ಎಂಬ ಕಂಪನಿ ವೈದ್ಯಕೀಯ ದರ್ಜೆಯದಲ್ಲದ ಕೈಗಾರಿಕಾ ಸಿಲಿಕೋನನ್ನು ತುಂಬಿ ಚೀಲಗಳನ್ನು ಮಾರುತ್ತಿದ್ದುದು 2010ರಲ್ಲಿ ಬಯಲಾಯಿತು. 2011ರ ಡಿಸೆಂಬರಿನಲ್ಲಿ ಫ್ರೆಂಚ್ ಸರಕಾರ ಸುಮಾರು 30,000 ಮಹಿಳೆಯರಿಗೆ ಅವನ್ನು ತೆಗೆಸಿಕೊಳ್ಳಲು ಸಲಹೆ ಮಾಡಿತು. ಕಂಪನಿಯ ಸ್ಥಾಪಕನಿಗೆ 2013ರಲ್ಲಿ ನಾಲ್ಕು ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಎರಡನೆಯದು, ಹೊರಮೈ ಒರಟಾಗಿರುವ ಚೀಲಗಳ ಸುತ್ತಲಿನ ಪೊರೆಯಲ್ಲಿ ಬಹು ಅಪರೂಪಕ್ಕೆ ಹುಟ್ಟುವ ಒಂದು ಬಗೆಯ ಲಿಂಫೋಮಾ ಕ್ಯಾನ್ಸರ್. ಇದರಿಂದಾಗಿ 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ಅಂಥ ಚೀಲಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಏನೂ ತೊಂದರೆಯಿಲ್ಲದವರು ಹೆದರಿ ತೆಗೆಸಬೇಕಾಗಿಲ್ಲವೆಂದು ತಜ್ಞರು ಹೇಳಿದ್ದಾರೆ. ಆದರೆ ವರ್ಷಗಳ ನಂತರ ಒಂದು ಬದಿ ಇದ್ದಕ್ಕಿದ್ದಂತೆ ಊದಿಕೊಂಡರೆ ತಡಮಾಡದೆ ತೋರಿಸಬೇಕು.

ಕೊನೆಗೆ 2021ರ ಅಕ್ಟೋಬರಿನಲ್ಲಿ ಅಮೆರಿಕದ ಆಡಳಿತ ಇನ್ನೊಂದು ಹೆಜ್ಜೆಯಿಟ್ಟಿತು. ಚೀಲಗಳ ಮೇಲೆ ಎದ್ದುಕಾಣುವ ಎಚ್ಚರಿಕೆ ಇರಬೇಕು. ಶಸ್ತ್ರಚಿಕಿತ್ಸೆಗೆ ಮೊದಲು ಅಪಾಯಗಳ ಪಟ್ಟಿಯನ್ನು ವೈದ್ಯರು ರೋಗಿಯೊಡನೆ ಕೂತು ಒಂದೊಂದಾಗಿ ಓದಿ, ರೋಗಿಯಿಂದ ಗುರುತು ಹಾಕಿಸಬೇಕು ಎಂದಿತು. ಟಿಮ್ಮಿ ಜೀನ್ ಲಿಂಡ್ಸೆಯವರ ಶಸ್ತ್ರಚಿಕಿತ್ಸೆಯಾಗಿ ಆಗ 59 ವರ್ಷಗಳಾಗಿದ್ದವು.

ಪತ್ರ ಬರೆದವರಿಗೆ

ಚರಿತ್ರೆಯನ್ನು ಓದಿದ್ದರಿಂದ ಈ ಸೋದರಿಗೆ ಏನು ಪ್ರಯೋಜನ ಎಂದು ನೀವು ಕೇಳಬಹುದು. ನನಗೆ ತೋಚಿದ್ದನ್ನು ಹೇಳುತ್ತೇನೆ.

ಮೊದಲನೆಯದು ಅವಸರ ಬೇಡವೆಂಬುದು. ಕೀವು, ಜ್ವರ, ಚರ್ಮ ಕಪ್ಪಾಗುವುದು, ಹಠಾತ್ತನೆ ಊದುವುದು, ಇವು ತುರ್ತು ಸಂಗತಿಗಳು; ಕಾಯಬಾರದು. ರೂಪದ ಕೊರತೆಯಾದರೆ ಗಾಯ ಮಾಗಿ ಅಂಗಾಂಶ ಮೃದುವಾಗಲು ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷದವರೆಗೆ ಕಾಯಲು ಹೇಳುತ್ತಾರೆ. ಇವರಿಗೆ ಆ ಅವಧಿ ಕಳೆದಿದೆ. ಇನ್ನು ನಿಧಾನವಾಗಿ ಯೋಚಿಸಲು ಅಡ್ಡಿಯಿಲ್ಲ.

ಎರಡನೆಯದು ಕಾಗದ. ಮೊದಲ ಶಸ್ತ್ರಚಿಕಿತ್ಸೆಯ ವಿವರ, ಚೀಲದ ಕಂಪನಿ, ಗಾತ್ರ, ಕ್ರಮಸಂಖ್ಯೆ, ಅದನ್ನು ಎದೆಯ ಸ್ನಾಯುವಿನ ಮೇಲೆ ಇಟ್ಟರೋ ಕೆಳಗೆ ಇಟ್ಟರೋ, ತೊಟ್ಟಿಗೆ ರಕ್ತ ಯಾವ ಕಡೆಯಿಂದ ಬರುವಂತೆ ಉಳಿಸಿಕೊಂಡರು, ಇವನ್ನು ಆಸ್ಪತ್ರೆಯಿಂದ ಕೇಳಿ ಪಡೆಯಬೇಕು. ಇದು ಹಕ್ಕಿನ ಮಾತು, ಸಂಕೋಚದ ಮಾತಲ್ಲ. ಹಳೆಯ ಹೊಲಿಗೆಯ ನಕ್ಷೆ ಇಲ್ಲದೆ ಎರಡನೆಯವರು ಕತ್ತಲಲ್ಲಿ ಕೆಲಸ ಮಾಡಬೇಕಾಗುತ್ತದೆ. ಚೀಲ ಒಡೆದಿದೆಯೇ ಎಂಬುದನ್ನು ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ.ಯಿಂದ ತಿಳಿಯಬಹುದು. ಜೆಲ್ ಚೀಲ ಉಳ್ಳವರೆಲ್ಲರೂ ಶಸ್ತ್ರಚಿಕಿತ್ಸೆಯಾದ ಐದಾರು ವರ್ಷಗಳಿಗೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಗಳಿಗೊಮ್ಮೆ ಹೀಗೆ ನೋಡಿಸಿಕೊಳ್ಳಬೇಕೆಂಬುದು ಅಮೆರಿಕದ ಆಡಳಿತದ ಸಲಹೆ.

ಮೂರನೆಯದು, ಇರುವ ದಾರಿಗಳನ್ನೆಲ್ಲ ಎದುರಿಗಿಟ್ಟುಕೊಳ್ಳುವುದು. ಚೀಲ ಬದಲಿಸುವುದೊಂದೇ ದಾರಿಯಲ್ಲ. ಪೊರೆಯನ್ನು ತೆಗೆದು ಬೇರೆ ಪದರದಲ್ಲಿ ಚೀಲವನ್ನು ಇಡಬಹುದು, ಚಿಕ್ಕದನ್ನು ಇಡಬಹುದು, ಎರಡು ಕೆಲಸಗಳನ್ನು ಎರಡು ಹಂತಗಳಲ್ಲಿ, ನಡುವೆ ತಿಂಗಳುಗಟ್ಟಲೆ ಬಿಟ್ಟು ಮಾಡಬಹುದು, ಚೀಲವನ್ನು ಪೂರ್ತಿ ತೆಗೆಸಿ, ಇರುವುದನ್ನೇ ಎತ್ತಿ ಕಟ್ಟಿಸಬಹುದು. ಹೊಟ್ಟೆ ಅಥವಾ ತೊಡೆಯ ಕೊಬ್ಬನ್ನು ಹೀರಿ ಸ್ತನಕ್ಕೆ ತುಂಬುವ ಕ್ರಮವೂ ಇದೆ. 1987ರಲ್ಲಿ ಬೇಡವೆಂದಿದ್ದ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರ ಸಂಘ 2009ರಲ್ಲಿ ತನ್ನ ನಿಲುವನ್ನು ಸಡಿಲಿಸಿತು. ಒಂದು ಶತಮಾನ ಸುತ್ತಿಬಂದು ವೈದ್ಯರು ಚೆರ್ನಿಯ ದಾರಿಗೇ ಮರಳಿದ್ದಾರೆ ಎನ್ನಬಹುದು. ಏನೂ ಮಾಡಿಸದೆ ಇರುವುದೂ ಒಂದು ದಾರಿಯೇ.

ನಾಲ್ಕನೆಯದು, ಕೇಳುವ ಪ್ರಶ್ನೆ. ‘ಚೆನ್ನಾಗಿ ಮಾಡಿಕೊಡುತ್ತೀರಾ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ಮೊದಲನೆಯದು ಏಕೆ ನಿಲ್ಲಲಿಲ್ಲ? ಆ ಕಾರಣವನ್ನು ನೀವು ಹೇಗೆ ನಿವಾರಿಸುತ್ತೀರಿ? ಇದೂ ನಿಲ್ಲದಿದ್ದರೆ ಮೂರನೆಯ ಸಲಕ್ಕೆ ಏನು ಉಳಿದಿರುತ್ತದೆ? ಖರ್ಚು ಯಾರದು? ಇವನ್ನು ಕೇಳಬೇಕು. ಕೇಳುವಾಗ ಎದುರಿಗಿರುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ತತ್ಸಮಾನ ಪದವಿ ಪಡೆದು ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರೇ ಎಂಬುದನ್ನೂ ನೋಡಿಕೊಳ್ಳಬೇಕು. ಸಾಧ್ಯವಾದರೆ ಇಬ್ಬರನ್ನು ಕಾಣಬೇಕು. ಇಬ್ಬರ ಉತ್ತರ ಬೇರೆಯಾದರೆ ಏಕೆಂದು ಕೇಳಬೇಕು. ಕಾರಣ ಹೇಳದೆ ದಿನ ಗೊತ್ತುಮಾಡಲು ಅವಸರಿಸುವವರಿಂದ ಎದ್ದು ಬರುವುದೇ ಲೇಸು.

ಇನ್ನು ಪತ್ರದ ಆ ಕೊನೆಯ ಮಾತು. ಬೇಕೆಂದು ಮಾಡಿಸಿಕೊಂಡವರಿಗೆ ನೋವನ್ನು ಹೇಳಿಕೊಳ್ಳುವ ಹಕ್ಕಿಲ್ಲವೇ? ಹಲ್ಲು ಕಟ್ಟಿಸಿಕೊಂಡವರು, ಕನ್ನಡಕ ಬೇಡವೆಂದು ಕಣ್ಣಿಗೆ ಲೇಸರ್ ಮಾಡಿಸಿಕೊಂಡವರು ತೊಂದರೆಯಾದರೆ ಹೇಳಿಕೊಳ್ಳುವುದಿಲ್ಲವೇ? ಹೆಂಗಸರು ನಾಚಿ ಸುಮ್ಮನಿದ್ದುದರಿಂದಲೇ ಮೇಣದ ಕಥೆ ಸಿಲಿಕೋನಿನಲ್ಲಿ ಮರುಕಳಿಸಿತು ಎಂಬುದನ್ನು ಮೇಲೆ ನೋಡಿದೆವು. ಲೆಕ್ಕಕ್ಕೆ ಸಿಕ್ಕ 749 ಮಹಿಳೆಯರು ತಮಗಾದದ್ದು ದಾಖಲಾಗಲು ಬಿಟ್ಟದ್ದರಿಂದಲೇ ಇಂದು ಈ ಅಂಕಿಗಳನ್ನು ನಾನು ಬರೆಯಲು, ನೀವು ಓದಲು ಸಾಧ್ಯವಾಗಿದೆ. ಮನೆಯಲ್ಲಿ ಒಬ್ಬರಿಗಾದರೂ, ಅಕ್ಕನಿಗೋ ಗೆಳತಿಗೋ, ಹೇಳಿ. ವೈದ್ಯರ ಬಳಿಗೆ ಅವರನ್ನು ಕರೆದುಕೊಂಡು ಹೋಗಿ. ಒಬ್ಬರ ಕಿವಿಗೆ ಬೀಳದ್ದು ಇನ್ನೊಬ್ಬರ ಕಿವಿಗೆ ಬೀಳುತ್ತದೆ.

ಈ ವಿಷಯದ ಬಗ್ಗೆ ತಜ್ಞರನ್ನು ಕರೆಸಿ ಒಂದು ಸಂವಾದ ನಡೆಸಬೇಕೆಂದಿದ್ದೇವೆ. ಪ್ರಶ್ನೆಗಳನ್ನು ಕಳುಹಿಸುವವರು ಹೆಸರು, ಊರು ಬರೆಯಬೇಕಾಗಿಲ್ಲ. ಹೆಸರಿಲ್ಲದ ಪತ್ರಗಳನ್ನೂ ಈ ಬಾರಿ ಎತ್ತಿಕೊಳ್ಳುತ್ತೇವೆ.